ಜಲ್ಲಿ ಪಾತಿ ಕೈಕೊಟ್ಟಾಗ: ಮನೆಯ ಕೃತಕ ಜೌಗಿನಲ್ಲಿ ದೋಷ ಹುಡುಕುವ ಬಗೆ

ಯುಜಿಡಿ (ಒಳಚರಂಡಿ) ಬಾರದ ಬಡಾವಣೆಗಳಲ್ಲಿ, ತೋಟದ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕಿನ ಮುಂದಕ್ಕೆ ಜಲ್ಲಿ ತುಂಬಿದ ಒಂದು ಪಾತಿ ಮಾಡಿ, ಅದರಲ್ಲಿ ಕ್ಯಾನಾ ಅಥವಾ ಆಪು ನೆಟ್ಟು, ಕೊಳಚೆ ನೀರನ್ನು ಅಲ್ಲೇ ಶುದ್ಧ ಮಾಡಿಕೊಳ್ಳುವವರಿದ್ದಾರೆ. ಕೃತಕ ಜೌಗು, ರೂಟ್ ಝೋನ್, ರೀಡ್ ಬೆಡ್ ಅಂತ ಇದಕ್ಕೆ ಹೆಸರು ಹಲವು. ಇಲ್ಲಿ ಸುಮ್ನೆ ಪಾತಿ ಅನ್ನೋಣ.

ಪಾತಿ ಕೆಟ್ಟಿದೆ ಅನ್ನುವವರು ಮೊದಲು ಹೇಳುವುದು ಗಿಡದ ವಿಷಯ. ಎಲೆ ಹಳದಿಯಾಗಿದೆ, ಹೂ ಬಿಡುತ್ತಿಲ್ಲ, ನರ್ಸರಿಯವರು ಕೆಟ್ಟ ಗಿಡ ಕೊಟ್ಟರು. ಆದರೆ ಗಿಡ ಎಲ್ಲಕ್ಕಿಂತ ತಡವಾಗಿ ಬಾಯಿಬಿಡುವ ಸಾಕ್ಷಿ. ಅಷ್ಟು ಹೊತ್ತಿಗೆ ದೋಷ ಹಳತಾಗಿರುತ್ತದೆ. ಮೊದಲು ನೋಡಬೇಕಾದ್ದು ನೀರು ಎಲ್ಲಿ ನಿಂತಿದೆ, ಎಷ್ಟು ಎತ್ತರಕ್ಕೆ ನಿಂತಿದೆ ಅನ್ನುವುದನ್ನು. ಆಮೇಲೆ ಹಿಂದಕ್ಕೆ ಹೋಗಿ ಸೆಪ್ಟಿಕ್ ಟ್ಯಾಂಕ್ ನೋಡಬೇಕು. ಗಿಡದ ಸರದಿ ಕೊನೆಗೆ.

ಸರಿ ಇರುವ ಪಾತಿ ಹೇಗಿರುತ್ತದೆ

ಲೆಕ್ಕಕ್ಕೆ ನಾಲ್ಕು ಜನರ ಒಂದು ಮನೆ ಇಟ್ಟುಕೊಳ್ಳೋಣ. ನಗರಗಳ ನೀರು ಸರಬರಾಜಿನ ಲೆಕ್ಕದಂತೆ ಒಬ್ಬರಿಗೆ ದಿನಕ್ಕೆ 135 ಲೀಟರ್. ಅದರಲ್ಲಿ ಸುಮಾರು ಶೇ. 80 ಕೊಳಚೆಯಾಗಿ ಹೊರಬರುತ್ತದೆ. ಅಂದರೆ ದಿನಕ್ಕೆ ಸುಮಾರು 430 ಲೀಟರ್. ಪಾತಿ 5 ಮೀಟರ್ ಉದ್ದ, 2 ಮೀಟರ್ ಅಗಲ. ಜಲ್ಲಿ 60 ಸೆಂ.ಮೀ., ಅದರೊಳಗೆ ನೀರು 50 ಸೆಂ.ಮೀ. ಜಲ್ಲಿಕಲ್ಲುಗಳ ನಡುವಿನ ಖಾಲಿ ಜಾಗ ಶೇ. 35ರಷ್ಟು ಅಂದರೆ ಪಾತಿ ಹಿಡಿಯುವ ನೀರು ಸುಮಾರು 1,750 ಲೀಟರ್. ಒಳಗೆ ಬಂದ ನೀರು ಹೊರಗೆ ಹೋಗಲು ಸುಮಾರು ನಾಲ್ಕು ದಿನ ಬೇಕು. ಈ ನಾಲ್ಕು ದಿನ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಪಾತಿಯಲ್ಲಿ ನೀರು ಕಣ್ಣಿಗೆ ಕಾಣಬಾರದು. ಜಲ್ಲಿಯ ಮೇಲ್ಮೈಗಿಂತ 5ರಿಂದ 10 ಸೆಂ.ಮೀ. ಕೆಳಗೇ ಇರಬೇಕು. ಆ ಮಟ್ಟವನ್ನು ಹಿಡಿದಿಡುವುದು ಕೊನೆಯ ಚೇಂಬರಿನಲ್ಲಿರುವ ತಿರುಗಿಸಬಹುದಾದ ಎಲ್ಬೋ ಪೈಪು. ಎಲ್ಬೋ ಮೇಲಕ್ಕೆ ತಿರುಗಿಸಿದರೆ ಪಾತಿಯಲ್ಲಿ ನೀರು ಏರುತ್ತದೆ, ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ಇಡೀ ವ್ಯವಸ್ಥೆಯಲ್ಲಿ ಅಲುಗಾಡುವ ಭಾಗ ಇದೊಂದೇ. ಕೆಲವರು ಇದನ್ನು ಸೊಲ್ಯೂಷನ್ ಹಾಕಿ ಭದ್ರವಾಗಿ ಅಂಟಿಸಿಬಿಟ್ಟಿರುತ್ತಾರೆ. ಹಾಗಿದ್ದರೆ ಮೊದಲ ರಿಪೇರಿ ಅದೇ. ಪೈಪು ಕತ್ತರಿಸಿ, ತಿರುಗುವಂತೆ ಮಾಡಿಸಿ.

ಇನ್ನೊಂದು ಕೆಲಸ. ಪಾತಿಯ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಒಂದೊಂದು 50 ಎಂಎಂ ಪಿವಿಸಿ ಪೈಪನ್ನು, ಪಕ್ಕದಲ್ಲೆಲ್ಲ ತೂತು ಕೊರೆದು, ಜಲ್ಲಿಯಲ್ಲಿ ನೆಟ್ಟಗೆ ಇಳಿಸಿ. ನೀರು ನೆಲಕ್ಕೆ ಇಂಗದಂತೆ ತಳದಲ್ಲಿ ಹಾಸಿದ ಪ್ಲಾಸ್ಟಿಕ್ ಹಾಳೆಗೆ ತಾಗದಂತೆ ನೋಡಿಕೊಳ್ಳಿ. ಒಳಗೆ ಕಡ್ಡಿ ಇಳಿಸಿದರೆ ನೀರು ಎಷ್ಟು ಕೆಳಗಿದೆ ಗೊತ್ತಾಗುತ್ತದೆ. ಮೂರೂ ಪೈಪಿನ ಬಾಯಿ ಒಂದೇ ಎತ್ತರದಲ್ಲಿರಲಿ. ಗಾರೆಯವರ ಹತ್ತಿರ ಇರುವ ಲೆವೆಲ್ ಪೈಪಿನಲ್ಲಿ ಸರಿ ಮಾಡಿಕೊಳ್ಳಬಹುದು. ಇವು ಇಲ್ಲದಿದ್ದರೆ ಮುಂದಿನದೆಲ್ಲ ಊಹೆಯ ಆಟ.

ಟೇಪು, ರಬ್ಬರ್ ಕೈಗವಸು, ಟಾರ್ಚು, ಬಕೆಟ್, ಎರಡು ಗಾಜಿನ ಬಾಟಲಿ, ಕುಡಿಯುವ ನೀರು ನೋಡಲು ಬಳಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ ಅಳೆಯುವ) ಮೀಟರ್. ಇಷ್ಟಿದ್ದರೆ ಸಾಕು.

ಮೇಲೆ ನೀರು ನಿಂತಿದೆ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ದೋಷ ಇದು. ಬೇರೆ ದೋಷಗಳಲ್ಲಿ ಎಷ್ಟೋ ಇದರ ಮಕ್ಕಳೇ. ವಾಸನೆ, ಸೊಳ್ಳೆ, ಕೊಳೆತ ಗೆಡ್ಡೆ ಎಲ್ಲ ಇದರ ಹಿಂದೆ ಬರುತ್ತವೆ.

ಮೊದಲು ಒಂದು ಸುತ್ತು ಹಾಕಿ. ನೀರು ಪಾತಿ ಪೂರ್ತಿ ನಿಂತಿದೆಯಾ, ಇಲ್ಲ ಶುರುವಿನ ಒಂದು ಮೀಟರಿನಲ್ಲಿ ಮಾತ್ರವಾ? ನಿನ್ನೆ ಮಳೆ ಬಂದಿತ್ತಾ? ಆಮೇಲೆ ಕೊನೆಯ ಚೇಂಬರ್ ತೆರೆದು ಎಲ್ಬೋವನ್ನು 10-15 ಸೆಂ.ಮೀ. ಕೆಳಕ್ಕೆ ಇಳಿಸಿ. ಒಂದೆರಡು ಗಂಟೆ ಬಿಟ್ಟು ಮೂರೂ ಪೈಪಿನಲ್ಲಿ ಕಡ್ಡಿ ಇಳಿಸಿ ನೋಡಿ.

ನೀರು ಧಾರಾಕಾರ ಹೊರಗೆ ಬಂದು, ಮೂರೂ ಕಡೆ ಮಟ್ಟ ಒಟ್ಟಿಗೆ ಇಳಿದರೆ ಪಾತಿಗೆ ಏನೂ ಆಗಿಲ್ಲ. ಎಲ್ಬೋ ತುಂಬ ಎತ್ತರದಲ್ಲಿತ್ತು, ಅಷ್ಟೇ. ಸರಿಯಾದ ಮಟ್ಟಕ್ಕೆ ತಂದು ಪೈಪಿನ ಮೇಲೆ ಪೇಂಟಿನಲ್ಲಿ ಒಂದು ಗೆರೆ ಎಳೆದುಬಿಡಿ.

ಕೊನೆಯ ಪೈಪಿನಲ್ಲೂ ಮಟ್ಟ ಮೇಲೇ ಇದೆ, ಆದರೆ ಎಲ್ಬೋದಿಂದ ನೀರು ತೊಟ್ಟಿಕ್ಕುತ್ತಿದೆ ಅಂದರೆ, ನೀರನ್ನು ಚೇಂಬರಿಗೆ ಒಯ್ಯಲು ಜಲ್ಲಿಯ ತಳದಲ್ಲಿ ಅಡ್ಡ ಮಲಗಿಸಿದ ತೂತಿನ ಪೈಪು ಕಟ್ಟಿದೆ. ಕ್ಯಾನಾ ಬೇರು ತೂತಿನೊಳಗೆ ನುಗ್ಗಿ ಜಡೆಯ ಹಾಗೆ ಬೆಳೆದಿರುತ್ತದೆ. ಚೇಂಬರಿನ ಕಡೆಯಿಂದ ಹೋಸ್ ಪೈಪು ತೂರಿಸಿ ಜೋರಾಗಿ ಹಿಮ್ಮುಖ ನೀರು ಬಿಡಿ. ಪ್ಲಂಬರ್ ಬಳಿ ಇರುವ ಸ್ಪ್ರಿಂಗ್ ಕೇಬಲ್ ಹಾಕಿದರೆ ಇನ್ನೂ ಒಳ್ಳೆಯದು. ಕೊನೆಯ ಅರ್ಧ ಮೀಟರಿನಲ್ಲಿ ಗಿಡ ಇದ್ದರೆ ಕಿತ್ತುಬಿಡಿ. ಅಲ್ಲಿ ದಪ್ಪ ಕಲ್ಲಷ್ಟೇ ಇರಬೇಕು.

ಕೊನೆಯ ಪೈಪಿನಲ್ಲಿ ಇಳಿದಿದೆ, ಶುರುವಿನದರಲ್ಲಿ ಇಳಿದೇ ಇಲ್ಲವೇ? ಇದು ತಲೆನೋವಿನದು. ಐದು ಮೀಟರಿನ ಒಳ್ಳೆಯ ಪಾತಿಯಲ್ಲಿ ಎರಡು ತುದಿಗಳ ನಡುವೆ ಕೆಲವೇ ಸೆಂ.ಮೀ. ವ್ಯತ್ಯಾಸ ಇರುತ್ತದೆ. ಅದು ಗೇಣುದ್ದ ಆಗಿದೆ ಅಂದರೆ ಜಲ್ಲಿಯ ಸಂದು ತುಂಬಿದೆ. ಏನು ತುಂಬಿದೆ ಅಂತ ನೋಡದೆ ಕೈ ಹಾಕಬೇಡಿ. ನೀರು ಬರುವ ಕಡೆ ಒಂದಡಿ ಆಳ ಜಲ್ಲಿ ಬಗೆದು, ಕೈಗವಸು ಹಾಕಿಕೊಂಡು ಅದನ್ನು ಬೆರಳಲ್ಲಿ ತಿಕ್ಕಿ ನೋಡಿ.

ಕಪ್ಪಗೆ, ಲೋಳೆಯಂತೆ ಇದ್ದು ಗಬ್ಬು ನಾರಿದರೆ ಅದು ಸೆಪ್ಟಿಕ್ ಟ್ಯಾಂಕಿನಿಂದ ಹರಿದು ಬಂದ ಹೂಳು. ಜಲ್ಲಿಯ ಮೇಲಿನ ತೆಳು ಕಪ್ಪು ಬಣ್ಣಕ್ಕೆ ಹೆದರಬೇಡಿ. ಗಾಳಿ ಆಡದ ಕಡೆ ಕಬ್ಬಿಣ, ಗಂಧಕ ಸೇರಿ ಕಪ್ಪಾಗುವುದು ಸಹಜ. ಸಂದು ತುಂಬಿದ್ದರೆ ಮಾತ್ರ ದೋಷ. ಆಗ ಪಾತಿ ಬಿಟ್ಟು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉದ್ದದ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ ಹೂಳಿನ ಗುರುತು ಬಟ್ಟೆಯ ಮೇಲೆ ಕಾಣುತ್ತದೆ. ತಳದ ಹೂಳು, ಮೇಲಿನ ಕೆನೆ ಎರಡೂ ಸೇರಿ ಟ್ಯಾಂಕಿನ ನೀರಿನ ಆಳದ ಮೂರನೇ ಒಂದು ಭಾಗ ದಾಟಿದ್ದರೆ ಸಕ್ಕಿಂಗ್ ಲಾರಿ ಕರೆಸುವ ಹೊತ್ತಾಗಿದೆ. ಸಾಮಾನ್ಯವಾಗಿ 2-3 ವರ್ಷಕ್ಕೊಮ್ಮೆ ಇದು ಆಗಬೇಕು. "ನಮ್ಮ ಟ್ಯಾಂಕು ಹದಿನೈದು ವರ್ಷದಿಂದ ತುಂಬೇ ಇಲ್ಲ" ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ತುಂಬದೆ ಏನು? ತುಂಬಿದ್ದು ಪಾತಿಗೆ ಹೋಗುತ್ತಿದೆ. ಟ್ಯಾಂಕಿನಿಂದ ನೀರು ಹೊರಡುವ ಕಡೆ ಟೀ (ಇಂಗ್ಲಿಷಿನ T ಆಕಾರದ) ಪೈಪು ಇದೆಯಾ, ಮುರಿದು ಬಿದ್ದಿದೆಯಾ ಅನ್ನುವುದನ್ನೂ ಆಗಲೇ ನೋಡಿ. ಟೀ ಇಲ್ಲದಿದ್ದರೆ ಮೇಲಿನ ಕೆನೆ ನೇರ ಜಲ್ಲಿಗೆ ಬರುತ್ತದೆ.

ಯಾವ ಕಾರಣಕ್ಕೂ ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ, ನೀವೂ ಇಳಿಯಬೇಡಿ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ಸಿಗದಂತಾಗುತ್ತದೆ. ವಾಸನೆ ಇಲ್ಲ ಅಂದುಕೊಂಡು ಇಳಿದವರು ಮೇಲೆ ಬಂದಿಲ್ಲ. ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸಿ ಟ್ಯಾಂಕು ತೊಳೆಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಬೆರಳಿಗೆ ಬೂದು-ಬಿಳಿ ಬಣ್ಣದ ಜಿಡ್ಡುಂಡೆ ಸಿಕ್ಕರೆ ಅಡುಗೆಮನೆಯ ಎಣ್ಣೆ. ಹಬ್ಬದ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿದದ್ದು ಸೋಪಿನ ಜೊತೆ ಸೇರಿ ಹೀಗಾಗುತ್ತದೆ. ಸಿಂಕಿನ ಪೈಪು ಟ್ಯಾಂಕು ಸೇರುವ ಮೊದಲು ಒಂದು ಜಿಡ್ಡು ಹಿಡಿಯುವ ಚೇಂಬರ್ ಕಟ್ಟಿಸಿ. ಇದ್ದರೆ ವಾರಕ್ಕೊಮ್ಮೆ ಮೇಲಿನ ಜಿಡ್ಡು ತೆಗೆಯಿರಿ. ಕಟ್ಟಿಸಿದ್ದೇವೆ ಅಂತ ಮುಚ್ಚಳ ಮುಚ್ಚಿ ಮರೆತರೆ ಇದ್ದೂ ಇಲ್ಲದ ಹಾಗೆ.

ಬೂದಿಯಂಥ ನುಣ್ಣನೆ ಪುಡಿ, ಒಣಗಿದರೆ ಗಟ್ಟಿಯಾಗುವಂಥದ್ದು ಸಿಕ್ಕರೆ ಅದು ಕ್ವಾರಿ ಡಸ್ಟ್, ಅಂದರೆ ಕಲ್ಲುಪುಡಿ. ಜಲ್ಲಿ ತೊಳೆಯದೆ ಸುರಿದಿದ್ದಾರೆ. ಇದಕ್ಕೆ ಸುಲಭದ ಮದ್ದಿಲ್ಲ. ಜಲ್ಲಿ ತೆಗೆದು ತೊಳೆದು ಹಾಕಬೇಕು. ಕೆಂಪು ಮಣ್ಣು ಸಿಕ್ಕರೆ ತೋಟದ ನೀರು ಹರಿದು ಒಳಗೆ ಬರುತ್ತಿದೆ ಅಂತ ಅರ್ಥ. ಪಾತಿಯ ಕಟ್ಟೆಯನ್ನು ಸುತ್ತ ಅರ್ಧ ಅಡಿ ಎತ್ತರಿಸಿ.

ಮಣ್ಣಿನ ವಿಷಯ ಬಂತಲ್ಲ, ಒಂದು ಹಳೆ ಕಥೆ. ಜರ್ಮನಿಯಲ್ಲಿ ಕೇಟೆ ಝೈಡೆಲ್ 1950ರ ದಶಕದಲ್ಲೇ ನೀರಿನ ಗಿಡಗಳಿಂದ ಕೊಳಚೆ ಶುದ್ಧ ಮಾಡುವ ಪ್ರಯೋಗ ಶುರು ಮಾಡಿದ್ದರು. ಆಮೇಲೆ ರೈನ್‌ಹೋಲ್ಡ್ ಕಿಕುತ್ ಜಲ್ಲಿಯ ಬದಲು ಮಣ್ಣನ್ನೇ ಬಳಸಿದರು. 1974ರಲ್ಲಿ ಓಟ್‌ಫ್ರೆಸೆನ್ ಎಂಬಲ್ಲಿ ಅಂಥ ದೊಡ್ಡ ಪಾತಿ ಶುರುವಾಯಿತು. ಬೇರುಗಳು ಮಣ್ಣನ್ನು ಬಿಡಿಸಿ ನೀರಿಗೆ ದಾರಿ ಮಾಡುತ್ತವೆ ಎಂಬುದು ಅವರ ನಂಬಿಕೆ. ಇಂಥ ಮಣ್ಣಿನ ಪಾತಿಗಳಲ್ಲಿ ಬೇರು ಅಷ್ಟು ದಾರಿ ಮಾಡಲೇ ಇಲ್ಲ. ನೀರು ಮೇಲೆಯೇ ಹರಿಯಿತು. 1980ರ ದಶಕದಲ್ಲಿ ಇಂಗ್ಲೆಂಡಿನವರು ಜಲ್ಲಿಗೆ ತಿರುಗಿದ್ದು ಈ ಪೆಟ್ಟಿನಿಂದಲೇ. ಇವತ್ತಿಗೂ "ಗಿಡ ಚೆನ್ನಾಗಿ ಬರಲಿ" ಅಂತ ಜಲ್ಲಿಯ ಮೇಲೆ ಎರಡು ಬಾಂಡ್ಲಿ ಕೆಂಪು ಮಣ್ಣು, ಗೊಬ್ಬರ ಸುರಿಯುವ ಮಾಲಿಗಳಿದ್ದಾರೆ. ತಡೆಯಿರಿ. ಕೊಳಚೆ ನೀರಿನಲ್ಲಿ ಗೊಬ್ಬರಕ್ಕೇನು ಬರ?

ಕಟ್ಟಿದ ಪಾತಿಯ ರಿಪೇರಿ ಎರಡು ಥರ. ಎರಡು ಪಾತಿ ಇದ್ದರೆ ಒಂದಕ್ಕೆ ಒಂದೆರಡು ವಾರ ನೀರು ನಿಲ್ಲಿಸಿ, ಎಲ್ಬೋ ಪೂರ್ತಿ ಇಳಿಸಿ. ಸಂದಿಗೆ ಗಾಳಿ ಹೋದರೆ ಲೋಳೆ ತಾನಾಗಿ ಕೊಳೆತು ಕರಗುತ್ತದೆ. ಒಂದೇ ಪಾತಿ ಇದ್ದರೆ ಶುರುವಿನ ಒಂದು ಮೀಟರ್ ಜಲ್ಲಿಯನ್ನು ಸನಿಕೆಯಿಂದ ತೆಗೆದು, ಬಿಸಿಲಲ್ಲಿ ಒಣಗಿಸಿ, ಜಾಲರಿಯಲ್ಲಿ ಜರಡಿ ಹಿಡಿದು ವಾಪಸು ಹಾಕಿ. ಸಾಮಾನ್ಯವಾಗಿ ಕಟ್ಟುವುದು ಆ ಭಾಗವೇ. ಪಿಕಾಸಿ ಬಳಸಬೇಡಿ, ಹಾಳೆ ಹರಿಯುತ್ತದೆ. ಜರಡಿಯಿಂದ ಬಿದ್ದದ್ದನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಚರಂಡಿಗೆ ಬೇಡ. ವಾಪಸು ಹಾಕುವಾಗ ನೀರು ಬೀಳುವ ಅರ್ಧ ಮೀಟರಿಗೆ 40 ಎಂಎಂ ದಾಟಿದ ದಪ್ಪ ಕಲ್ಲು, ಮುಂದಕ್ಕೆ 12ರಿಂದ 20 ಎಂಎಂ ಜಲ್ಲಿ.

ಇನ್ನು, ಜಲ್ಲಿ ಚೊಕ್ಕಟವಾಗಿದ್ದೂ ನೀರು ಮೇಲೆ ಬಂದರೆ ಬರುವ ನೀರೇ ಜಾಸ್ತಿ. ಮಳೆಗಾಲದಲ್ಲಿ ಮಾತ್ರ ಹೀಗಾದರೆ ತಾರಸಿಯ ಪೈಪು ಎಲ್ಲಿಗೆ ಸೇರಿದೆ ಹುಡುಕಿ. 100 ಚದರ ಮೀಟರ್ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ನಮ್ಮ ಪಾತಿ ಹಿಡಿಯುವುದರ ಹೆಚ್ಚುಕಮ್ಮಿ ಮೂರು ಪಟ್ಟು! ಪಾತಿಯ ಮೇಲೆ ನೇರ ಬೀಳುವ ಮಳೆ 500 ಲೀಟರ್ ಅಷ್ಟೇ, ಅದು ಒಂದೆರಡು ದಿನದಲ್ಲಿ ಇಳಿಯುತ್ತದೆ. ಬೇಸಿಗೆಯಲ್ಲೂ ತುಂಬಿದ್ದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಟಾರ್ಚು ಹಿಡಿದು ಟ್ಯಾಂಕಿನ ಮುಂಚಿನ ಚೇಂಬರ್ ನೋಡಿ. ಆಗಲೂ ನೀರು ಹರಿಯುತ್ತಿದ್ದರೆ ಎಲ್ಲೋ ಫ್ಲಶ್ ಸೋರುತ್ತಿದೆ. ಬಟ್ಟೆಗೆ ಹಾಕುವ ನೀಲಿಯನ್ನು ಫ್ಲಶ್ ತೊಟ್ಟಿಗೆ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನಲ್ಲಿ ನೀಲಿ ಕಂಡರೆ ಕಳ್ಳ ಸಿಕ್ಕಿದ.

ವಾಸನೆ

ಪಾತಿಯಿಂದಲೇ ವಾಸನೆ ಬರುತ್ತಿದೆ ಅಂತ ತೀರ್ಮಾನಿಸುವ ಮೊದಲು ಬೆಳಿಗ್ಗೆ ಗಾಳಿ ಇಲ್ಲದ ಹೊತ್ತಿನಲ್ಲಿ ಟ್ಯಾಂಕಿನಿಂದ ಕೊನೆಯ ಚೇಂಬರಿನವರೆಗೆ ನಡೆದು ಮೂಸಿ ನೋಡಿ. ತುಂಬ ಸಲ ಅದು ಟ್ಯಾಂಕಿನ ಗಾಳಿ ಪೈಪಿನಿಂದ ಬರುತ್ತಿರುತ್ತದೆ. ಪೈಪು ಗಿಡ್ಡ ಇದ್ದು ಕಿಟಕಿಯ ಎತ್ತರಕ್ಕೆ ನಿಂತಿರುತ್ತದೆ. ತಾರಸಿಗಿಂತ ಮೇಲಕ್ಕೆ ಎತ್ತರಿಸಿದರೆ ಮುಗಿಯಿತು. ಚೇಂಬರಿನ ಮುಚ್ಚಳದ ಸಂದಿಯಾದರೆ ಅಂಚಿಗೆ ಗಾರೆ ಸಾಕು.

ಪಾತಿಯ ಶುರುವಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ನೀರು ಮೇಲೆ ಬಂದಿದೆ, ಇಲ್ಲವೇ ಪೈಪಿನಿಂದ ನೀರು ಜಲ್ಲಿಯ ಮೇಲೆ ಎತ್ತರದಿಂದ ಬೀಳುತ್ತಿದೆ. ಬೀಳುವ ಜಾಗಕ್ಕೆ ದಪ್ಪ ಕಲ್ಲು ಮುಚ್ಚಿ. ಇದ್ದಕ್ಕಿದ್ದಂತೆ ಎಲ್ಲ ಕಡೆ ಗಬ್ಬು ಶುರುವಾದರೆ ಮನೆಯೊಳಗೆ ವಿಚಾರಿಸಿ. ಯಾರೋ ಆ್ಯಸಿಡ್, ಬ್ಲೀಚಿಂಗ್ ಪೌಡರ್, ಫಿನಾಯಿಲ್ ಧಾರಾಳವಾಗಿ ಸುರಿದು ಬಚ್ಚಲು ತೊಳೆದಿರಬಹುದು. ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ಸತ್ತರೆ ಮತ್ತೆ ಬೆಳೆಯಲು ವಾರಗಳೇ ಬೇಕು.

ಹೊರಗೆ ಬರುವ ನೀರು ಕೊಳಕು

ಗಾಜಿನ ಬಾಟಲಿಗೆ ಹೊರಗೆ ಬಂದ ನೀರು ತುಂಬಿ, ಬೆಳಕಿಗೆ ಹಿಡಿಯಿರಿ. ಕೊಂಚ ಹಳದಿ ಛಾಯೆ ಇದ್ದರೂ ಆಚೆ ಬದಿಯ ಅಕ್ಷರ ಓದುವಂತಿರಬೇಕು. ಆಮೇಲೆ ಮುಚ್ಚಳ ಬಿಗಿಮಾಡಿ ಎರಡು ದಿನ ನೆರಳಲ್ಲಿ ಇಟ್ಟು ತೆರೆಯಿರಿ. ಕಪ್ಪಾಗಿ ನಾರಿದರೆ ಕೊಳೆಯುವ ಪದಾರ್ಥ ಇನ್ನೂ ಉಳಿದಿದೆ. ಹಿಂದೆ ಪ್ರಯೋಗಾಲಯಗಳಲ್ಲಿ ಮೆಥಿಲೀನ್ ಬ್ಲೂ ಹಾಕಿ ಬಣ್ಣ ಎಷ್ಟು ದಿನ ಉಳಿಯುತ್ತದೆ ನೋಡುತ್ತಿದ್ದುದೂ ಇದೇ ತತ್ವದ ಮೇಲೆ. ಲ್ಯಾಬಿಗೆ ಕೊಡುವುದಾದರೆ ಬಿಒಡಿ (ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಅಳತೆ) ಕೇಳಿ. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ಹಳ್ಳ-ಕೆರೆಗೆ ಬಿಡಲು ಲೀಟರಿಗೆ 30 ಮಿ.ಗ್ರಾಂ., ಭೂಮಿಗೆ ಹಾಯಿಸಲು 100 ಮಿ.ಗ್ರಾಂ. ಮಿತಿ.

ನೀರು ಕೊಳಕು, ಆದರೆ ಟ್ಯಾಂಕು ಸರಿ ಇದೆ, ಮೇಲೆ ನೀರೂ ನಿಂತಿಲ್ಲ. ಹಾಗಾದರೆ ಅದು ಅಡ್ಡದಾರಿ ಹಿಡಿದಿದೆ. ಎಲ್ಲೋ ಒಂದು ಬದಿಯಲ್ಲಿ, ಗೋಡೆಯ ಪಕ್ಕ ಅಥವಾ ತಳದಲ್ಲಿ ಸಲೀಸಾದ ಹಾದಿ ಸಿಕ್ಕಿ ಅಲ್ಲೇ ಓಡುತ್ತಿದೆ, ಉಳಿದ ಜಲ್ಲಿ ಸುಮ್ನೆ ಕೂತಿದೆ. ಪತ್ತೆಗೆ ಉಪ್ಪು ಸಾಕು. ಮೊದಲು ಹೊರಹರಿವಿನ ಟಿಡಿಎಸ್ ಬರೆದುಕೊಳ್ಳಿ. ಒಂದು ಕಿಲೋ ಉಪ್ಪನ್ನು 200 ಲೀಟರ್ ಡ್ರಮ್ಮಿನಲ್ಲಿ ಕರಗಿಸಿ ಪಾತಿಯ ಶುರುವಿಗೆ ನಿಧಾನವಾಗಿ ಬಿಡಿ. ಬಕೆಟ್ಟಿನಲ್ಲಿ ಗಟ್ಟಿಯಾಗಿ ಕರಗಿಸಿ ಸುರಿದರೆ ಭಾರಕ್ಕೆ ತಳ ಸೇರಿ ಪರೀಕ್ಷೆ ಸುಳ್ಳಾಗುತ್ತದೆ. ಆಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಳೆಯುತ್ತಾ ಬನ್ನಿ. ಒಳ್ಳೆಯ ಪಾತಿಯಲ್ಲಿ ಟಿಡಿಎಸ್ ನಿಧಾನ ಏರಿ, ಮೊದಲು ಹೇಳಿದ ನಾಲ್ಕು ದಿನದ ಆಸುಪಾಸಿನಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಅದೇ ಸಂಜೆಯೇ ಏರಿಬಿಟ್ಟರೆ ಅಡ್ಡದಾರಿ ಖಚಿತ. ಒಳಬರುವ ತೂತಿನ ಪೈಪು ಒಂದು ಕಡೆ ವಾಲಿದೆಯಾ ರಸಮಟ್ಟ ಇಟ್ಟು ನೋಡಿ. ಬಹಳ ಕಡೆ ಕಾರಣ ಅದೇ. ನೀರು ಎರಡು ಮೀಟರ್ ಅಗಲಕ್ಕೂ ಸಮನಾಗಿ ಬೀಳುವ ಹಾಗೆ ಮಾಡಿ.

ನೀರು ತಿಳಿಯಾಗಿದೆ, ಆದರೆ ಹೊರಗಿನ ತೊಟ್ಟಿಯಲ್ಲಿ ಹಸಿರು ಪಾಚಿ ಬರುತ್ತಿದೆ ಅನ್ನುವ ದೂರು ಬೇರೆ ಥರದ್ದು. ಅದು ದೋಷವಲ್ಲ. ಜಲ್ಲಿ ಸದಾ ಮುಳುಗಿರುವ ಇಂಥ ಪಾತಿಯಲ್ಲಿ ಆಮ್ಲಜನಕ ಕಡಿಮೆ. ಅಮೋನಿಯಾ, ರಂಜಕ ಪೂರ್ತಿ ಹೋಗುವುದಿಲ್ಲ. ತೊಟ್ಟಿಗೆ ಮುಚ್ಚಳ ಹಾಕಿ ಬಿಸಿಲು ತಪ್ಪಿಸಿ, ನೀರನ್ನು ತೆಂಗು, ಬಾಳೆಗೆ ಬಿಡಿ. ಕೊತ್ತಂಬರಿ, ಮೂಲಂಗಿ, ಹಸಿಯಾಗಿ ತಿನ್ನುವ ಯಾವುದಕ್ಕೂ ಬೇಡ. ರೋಗಾಣು ಕಮ್ಮಿಯಾಗಿರುತ್ತವೆ, ಸತ್ತಿರುವುದಿಲ್ಲ.

ಪಾತಿ ಒಂದರಿಂದಲೇ ಎಲ್ಲ ಆಗಬೇಕು ಅನ್ನುವ ಆಸೆಯೇ ಅರ್ಧ ದೋಷಗಳ ಮೂಲ. ಬೆಂಗಳೂರಿನ ಜಕ್ಕೂರು ಕೆರೆಯಲ್ಲೂ ಕೊಳಚೆ ಮೊದಲು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಆಮೇಲೆ ಜೌಗಿಗೆ, ಆಮೇಲೆ ಕೆರೆಗೆ. ಜೌಗಿನದು ಎರಡನೇ ಸರದಿ. ಸೆಪ್ಟಿಕ್ ಟ್ಯಾಂಕ್ ಇಲ್ಲದೆ ನೇರ ಪಾತಿಗೆ ಕೊಳಚೆ ಬಿಟ್ಟಿದ್ದರೆ ಈ ಬರಹದ ಯಾವ ಉಪಾಯವೂ ನಡೆಯದು.

ಗಿಡ ಸೊರಗಿದೆ

ಈಗ ಗಿಡದ ಸರದಿ. ನೆಟ್ಟ ಮೊದಲ ಒಂದೆರಡು ತಿಂಗಳಾದರೆ ಏನೂ ಮಾಡಬೇಡಿ, ಬೇರು ಹಿಡಿಯಲಿ. ಆಮೇಲೂ ಹಳದಿಯಿದ್ದರೆ ಯಾವ ಎಲೆ ಅಂತ ನೋಡಿ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಬರುತ್ತದೆ. ಎಲೆಯ ತುದಿ, ಅಂಚು ಸುಟ್ಟಂತೆ ಕಂದಾಗಿದ್ದರೆ ಉಪ್ಪು. ಮನೆಯಲ್ಲಿ ವಾಟರ್ ಸಾಫ್ಟನರ್ ಇದೆಯಾ? ಅದನ್ನು ತೊಳೆದ ಉಪ್ಪುನೀರು ಟ್ಯಾಂಕಿಗೆ ಹೋಗುತ್ತಿದ್ದರೆ ಪೈಪು ಬೇರೆ ಮಾಡಿಸಿ. ಶುರುವಿನ ಗಿಡ ಆಳೆತ್ತರ, ಕೊನೆಯದು ಕಡ್ಡಿ ಅಂದರೆ ಕೊನೆಯಲ್ಲಿ ನೀರು ಬೇರಿಗಿಂತ ಕೆಳಗಿದೆ. ಎಲ್ಬೋ ಸ್ವಲ್ಪ ಏರಿಸಿ. ಒಣಗಿದ ಎಲೆ ಜಲ್ಲಿಯ ಮೇಲೆ ಕೊಳೆಯಲು ಬಿಡಬೇಡಿ, ಕತ್ತರಿಸಿ ಹೊರಗೆ ಹಾಕಿ. ಅರಳಿ, ಆಲದ ಸಸಿ ಕಂಡ ದಿನವೇ ಕೀಳಿ.

ಸೊಳ್ಳೆ

ನೀರು ಜಲ್ಲಿಯೊಳಗೇ ಇದ್ದರೆ ಸೊಳ್ಳೆ ಮೊಟ್ಟೆ ಇಡಲು ಜಾಗವಿಲ್ಲ. ಮರಿಹುಳ ಕಂಡರೆ ಕೊನೆಯ ಚೇಂಬರ್, ನೀರು ಕೂಡಿಡುವ ತೊಟ್ಟಿ, ಟ್ಯಾಂಕಿನ ಗಾಳಿ ಪೈಪು, ಈ ಮೂರನ್ನೂ ನೋಡಿ. ಗಾಳಿ ಪೈಪಿನ ಬಾಯಿಗೆ ಸಣ್ಣ ಜಾಲರಿ ಕಟ್ಟಿ.

ಹೊರಗೆ ನೀರೇ ಬರುತ್ತಿಲ್ಲ

ಏಪ್ರಿಲ್-ಮೇನಲ್ಲಿ ಕಮ್ಮಿ ಬಂದರೆ ಗಾಬರಿ ಬೇಡ. ದೊಡ್ಡದಾಗಿ ಬೆಳೆದ ಕ್ಯಾನಾ, ಆಪು ಬಿಸಿಲಲ್ಲಿ ದಿನಕ್ಕೆ 6ರಿಂದ 10 ಮಿ.ಮೀ. ನೀರು ಆವಿ ಮಾಡಬಲ್ಲವು. ನಮ್ಮ 10 ಚದರ ಮೀಟರಿಗೆ ಅದು 60ರಿಂದ 100 ಲೀಟರ್. 430ರಲ್ಲಿ ಅಷ್ಟು ಹೋದರೂ ಉಳಿದದ್ದು ಹೊರಗೆ ಬರಲೇಬೇಕು, ಅಲ್ವಾ? ಬರದಿದ್ದರೆ ತಳದ ಹಾಳೆ ಸೋರುತ್ತಿದೆ. ಮನೆಯಲ್ಲಿ ಜನವೇ ಇರಲಿಲ್ಲ ಅನ್ನುವುದು ಮಾತ್ರ ಇದಕ್ಕೆ ಹೊರತು.

ಸೋರಿಕೆಯನ್ನೂ ಆವಿಯನ್ನೂ ಬೇರೆ ಮಾಡುವುದು ಸುಲಭ. ರಾತ್ರಿ ಗಿಡ ಹೆಚ್ಚು ನೀರು ಎಳೆಯುವುದಿಲ್ಲ, ತೂತು ಮಾತ್ರ ಹಗಲು ರಾತ್ರಿ ಸೋರುತ್ತದೆ. ಕತ್ತಲಾದ ಮೇಲೆ ಒಳಹರಿವು ತಡೆದು, ಎಲ್ಬೋ ಮೇಲಕ್ಕೆತ್ತಿ, ನಡುವಿನ ಪೈಪಿನಲ್ಲಿ ಮಟ್ಟ ಗುರುತು ಮಾಡಿ. ಬೆಳಕು ಹರಿಯುವ ಮುನ್ನ ಮತ್ತೆ ಅಳೆಯಿರಿ. ಜಲ್ಲಿಯ ಸಂದು ಮೂರನೇ ಒಂದು ಭಾಗವಾದ್ದರಿಂದ ಮಟ್ಟ 3 ಸೆಂ.ಮೀ. ಇಳಿದರೆ ಹೋದದ್ದು ಸುಮಾರು 100 ಲೀಟರ್. ಒಂದೇ ರಾತ್ರಿಯಲ್ಲಿ ಅಷ್ಟು ಇಳಿದಿದ್ದರೆ ಹಾಳೆ ಹರಿದಿದೆ. ಹಾಗೇ ಒಳಹರಿವು ತಡೆದಿಟ್ಟು ದಿನಾ ಮಟ್ಟ ನೋಡುತ್ತಿರಿ. ಎಲ್ಲಿ ಬಂದು ನಿಲ್ಲುತ್ತದೋ ಆ ಎತ್ತರದಲ್ಲೇ ತೂತು ಇದೆ. ತಳದವರೆಗೂ ಇಳಿದುಹೋದರೆ ತಳದಲ್ಲೇ.

ಅಂಚಿನಲ್ಲಾದರೆ ಹೆಗ್ಗಣ ಕಡಿದಿರಬಹುದು, ಇಲ್ಲವೇ ಪೈಪು ಹಾಳೆಯನ್ನು ದಾಟುವ ಕಡೆ ಬಿಟ್ಟುಕೊಂಡಿರಬಹುದು. ಅಷ್ಟು ಜಾಗದ ಜಲ್ಲಿ ಸರಿಸಿ, ಹಾಳೆ ತೊಳೆದು ಚೆನ್ನಾಗಿ ಒಣಗಿಸಿ, ಅದೇ ಜಾತಿಯ ಹಾಳೆಯ ತೇಪೆಯನ್ನು ಬಿಸಿ ಗಾಳಿ ಯಂತ್ರದಿಂದ ಬೆಸೆಸಿ. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಹಾಳೆಗೆ ಸಾಮಾನ್ಯ ಗೋಂದು ಹಿಡಿಯುವುದಿಲ್ಲ. ತಳದಲ್ಲಾದರೆ ಪಾತಿ ಖಾಲಿ ಮಾಡದೆ ದಾರಿಯಿಲ್ಲ. ಆ ಕೆಲಸವನ್ನು ಬೇಸಿಗೆಗೇ ಇಟ್ಟುಕೊಳ್ಳಿ. ಗಿಡಗಳ ಗೆಡ್ಡೆ ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟರೆ ವಾರ ಹತ್ತು ದಿನ ತಾಳುತ್ತವೆ. ಹಾಳೆಯ ಕೆಳಗೆ ಎರಡು ಇಂಚು ಮರಳು ಇತ್ತಾ ಅಂತ ಆಗಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಚೂಪುಗಲ್ಲು ಅದೇ ಜಾಗದಲ್ಲಿ ಮತ್ತೆ ಚುಚ್ಚುತ್ತದೆ.